ಸೊನ್ನಕ್ಕನ ಹೆಸರು

ಕೀಂ... ಕೀಂ... ಕೀಂ...

ಔಷಧಿ ಕೊಡುವ ಕಿಟಕಿಯ ಹಿಂದಿನ ಪುಟ್ಟ ಕೋಣೆಯಿಂದ ಆ ಸದ್ದು ಬಂತೆಂದರೆ ಕರೆಂಟು ಹೋಗಿದೆ ಎಂದು ಅರ್ಥ. ಸರ್ವರಿನ ಪಕ್ಕದಲ್ಲಿಟ್ಟ ಯುಪಿಎಸ್ ಕೂಗಿಕೊಳ್ಳುವ ಸದ್ದು ಅದು. ಎಚ್.ಡಿ. ಕೋಟೆಯಿಂದ ಅಂತರಸಂತೆಗೆ ಹೋಗುವ ರಸ್ತೆಯ ಬದಿಯ ಆ ಟ್ರಸ್ಟಿನ ಆಸ್ಪತ್ರೆಯಲ್ಲಿ ಕರೆಂಟು ಹೋಗುವುದು, ಬರುವುದು ಯಾರಿಗೂ ದೊಡ್ಡ ಸಂಗತಿಯಲ್ಲ. ಕಾಕನಕೋಟೆ ಕಡೆಯ ಗಿರಿಜನ ಹಾಡಿಗಳಿಂದ ಬಂದು ಬೆಂಚಿನ ಮೇಲೆ ಕಾದು ಕುಳಿತವರು ತಲೆ ಕೂಡ ಎತ್ತುತ್ತಿರಲಿಲ್ಲ. ತಲೆಯೆತ್ತುತ್ತಿದ್ದವಳು ಒಬ್ಬಳೇ, ಚಿಕ್ಕಬೀರಮ್ಮ. ಆಸ್ಪತ್ರೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಯುಪಿಎಸ್‌ನ ಬ್ಯಾಟರಿ ಹಳತು. ಅದರ ಕೂಗು ನಿಲ್ಲುವುದರೊಳಗೆ ಕರೆಂಟು ಬಂದರೆ ಸರಿ, ಬರದಿದ್ದರೆ ಸರ್ವರ್ ಮಲಗಿಬಿಡುತ್ತಿತ್ತು.

ಮಲಗುವುದರಿಂದ ತೊಂದರೆಯಿರಲಿಲ್ಲ. ತೊಂದರೆಯೆಲ್ಲ ಎದ್ದ ಮೇಲೆ.

ಆ ಸರ್ವರಿನ ಬೆನ್ನಿನಲ್ಲಿ ಎರಡು ನೆಟ್‌ವರ್ಕ್ ಕಾರ್ಡುಗಳಿದ್ದವು. ಒಂದರ ತಂತಿ ಆಸ್ಪತ್ರೆಯ ಒಳಕ್ಕೆ, ಚೀಟಿ ಬರೆಯುವ ಮೇಜಿಗೆ, ಔಷಧಿ ಕಿಟಕಿಗೆ, ರಕ್ತಪರೀಕ್ಷೆಯ ಕೋಣೆಗೆ ಹೋಗುತ್ತಿತ್ತು. ಇನ್ನೊಂದರ ತಂತಿ ಟೆಲಿಫೋನಿನ ದಾರಿ ಹಿಡಿದು ಮೈಸೂರಿಗೆ. ಇಲ್ಲಿ ತೆಗೆದ ಎಕ್ಸ್‌ರೇಯನ್ನು ಮೈಸೂರಿನ ಮೂಳೆ ಡಾಕ್ಟರು ಅಲ್ಲೇ ಕುಳಿತು ನೋಡಿ ಹೇಳುತ್ತಿದ್ದುದು ಆ ಎರಡನೆಯ ತಂತಿಯ ಕೃಪೆಯಿಂದ. ಸರ್ವರ್ ಹೊರಗಿನ ಕಾರ್ಡನ್ನು 'ಸೊನ್ನೆ' ಎಂದೂ ಒಳಗಿನದನ್ನು 'ಒಂದು' ಎಂದೂ ಕರೆಯುತ್ತಿತ್ತು. ನರ್ಸ್ ಸುಧಾ ಅವಕ್ಕೆ ಸೊನ್ನಕ್ಕ, ಒಂದಕ್ಕ ಎಂದು ಹೆಸರಿಟ್ಟಿದ್ದಳು.

ಚಿಕ್ಕಬೀರಮ್ಮ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಕ್ಕತಂಗಿಯರ ಹೆಸರು ಯಾವಾಗೆಂದರೆ ಆವಾಗ ಅದಲುಬದಲಾಗುತ್ತಿತ್ತು. ಮಲಗಿ ಎದ್ದ ಸರ್ವರ್ ಕೆಲವು ಸಲ ಒಳಗಿನವಳನ್ನು ಸೊನ್ನೆ ಎನ್ನುವುದು, ಹೊರಗಿನವಳನ್ನು ಒಂದು ಎನ್ನುವುದು. ಆಗ ಔಷಧಿಯ ಚೀಟಿ ಮೈಸೂರಿನ ದಾರಿ ಹುಡುಕುತ್ತಿತ್ತು, ಎಕ್ಸ್‌ರೇ ಔಷಧಿ ಕಿಟಕಿಯ ಸುತ್ತ ಸುಳಿಯುತ್ತಿತ್ತು. ಎರಡೂ ತಲುಪುತ್ತಿರಲಿಲ್ಲ. ಅವಳು ಓಡಿಹೋಗಿ ಹಿಂದಿನ ತಂತಿಗಳನ್ನು ಅತ್ತದಿತ್ತ ಇತ್ತದತ್ತ ಚುಚ್ಚುವಳು. ಮುಂದಿನ ಸಲ ಕರೆಂಟು ಹೋಗಿ ಬಂದಾಗ ಹೆಸರುಗಳು ಸರಿಯಾಗಿರುತ್ತಿದ್ದವು, ಈಗ ತಂತಿಗಳೇ ತಪ್ಪು.

"ಬೀರಮ್ಮಾರೇ, ನಿಮ್ಮಕ್ಕತಂಗೀರು ಇವತ್ತು ಹೊಂದ್ಕಂಡವ್ರಾ, ಕಿತ್ತಾಡ್ತಾವ್ರಾ?" ಎಂದು ಸುಧಾ ಬಾಗಿಲಿನಿಂದಲೇ ಕೇಳುವಳು.

"ಕೇಳ್ಬೇಡ ಸುಧಾ. ಯಾರು ಯಾರು ಅಂತ ಅವಕ್ಕೇ ಗೊತ್ತಿಲ್ಲ."

ಒಂದು ಮಳೆಗಾಲ ಪೂರ್ತಿ ನೋಡಿದ ಮೇಲೆ ಅವಳಿಗೆ ಮರ್ಮ ತಿಳಿಯಿತು. ಸರ್ವರ್ ಏಳುತ್ತಲೇ ಕಾರ್ಡುಗಳನ್ನು ಕೂಗುತ್ತದೆ. ಯಾವುದು ಮೊದಲು ಓಗೊಡುತ್ತದೋ ಅದಕ್ಕೆ ಸೊನ್ನೆ ಎಂದು ಹೆಸರು. ಮೊದಲು ಎದ್ದವಳು ಅಕ್ಕ, ಅಷ್ಟೇ. ಆದರೆ ಪ್ರತಿ ಕಾರ್ಡಿಗೂ ಮಾಡಿದವರು ಕೊಟ್ಟ ಸ್ವಂತದ ಸಂಖ್ಯೆಯೊಂದಿರುತ್ತದೆ. ಅದು ಹುಟ್ಟುಮಚ್ಚೆಯ ಹಾಗೆ, ಮಲಗಿದರೂ ಎದ್ದರೂ ಬದಲಾಗದು. ಅವಳು ಆ ಸಂಖ್ಯೆಗಳನ್ನು ಹಿಡಿದು ಸರ್ವರಿಗೆ ಎರಡು ಸಾಲು ಬರೆದು ಕೊಟ್ಟಳು. ಈ ಮಚ್ಚೆಯವಳು ಸೊನ್ನೆ, ಆ ಮಚ್ಚೆಯವಳು ಒಂದು. ಯಾರೇ ಮೊದಲು ಎದ್ದರೂ ಹೆಸರು ತಪ್ಪಕೂಡದು. ಅಂದಿನಿಂದ ಹೆಸರು ತಪ್ಪಲಿಲ್ಲ.

ಎರಡು ಸಾವಿರದ ಎಂಟನೆಯ ಇಸವಿಯ ಬೇಸಿಗೆಯವರೆಗೆ ಹೀಗೇ ನಡೆಯಿತು. ಆ ವರ್ಷ ಭರಣಿ ಮಳೆಯ ಮೊದಲ ಸಿಡಿಲು ಟೆಲಿಫೋನ್ ತಂತಿಯ ಗುಂಟ ಒಳಗೆ ಬಂದು ಸೊನ್ನಕ್ಕನನ್ನು ಸುಟ್ಟಿತು. ಮೈಸೂರಿನ ಕಂಪ್ಯೂಟರ್ ಅಂಗಡಿಯ ಸುನೀಲ್‌ಕುಮಾರ್ ಮರುದಿನ ಬೆಳಗಿನ ಬಸ್ಸಿನ ಕಂಡಕ್ಟರ ಕೈಯಲ್ಲಿ ಹೊಸ ಕಾರ್ಡು ಕಳಿಸಿದ. ಚಿಕ್ಕಬೀರಮ್ಮ ಅದನ್ನು ಸರ್ವರಿಗೆ ಕೂರಿಸಿದಳು. ಸುಟ್ಟದ್ದನ್ನು ತೆಗೆದು ಪೇಪರಿನಲ್ಲಿ ಸುತ್ತಿ ಮೇಜಿನ ಮೇಲಿಟ್ಟಳು. ಆದರೂ ಹೊರಗಿನ ತಂತಿಗೆ ಜೀವ ಬರಲಿಲ್ಲ. ಬೆಳಗಿನ ಎಕ್ಸ್‌ರೇಗಳು ಮೈಸೂರಿಗೆ ಹೋಗದೆ ಉಳಿದಿದ್ದವು.

ಅದೇ ಹೊತ್ತಿಗೆ ಅವಳ ಅವ್ವ ಕೆಂಪಾಜಮ್ಮ ಹುಟ್ಟೂರು ಮಿರ್ಲೆಯಿಂದ ಮೂರು ಬಸ್ಸು ಬದಲಿಸಿ, ವೈರು ಚೀಲ ಹಿಡಿದು, ಆಸ್ಪತ್ರೆಯ ಬಾಗಿಲಿಗೆ ಬಂದಳು.

ಅವ್ವ ಬಂದ ಕಾರಣ ಹೇಳಬೇಕಾದರೆ ಆ ಮನೆಯ ಹೆಸರಿನ ಕತೆ ಹೇಳಬೇಕು.

ಚಿಕ್ಕಬೀರಮ್ಮ ಎಂದರೆ ಯಾರಾದರೂ ಕೇಳುವುದು ಒಂದೇ, 'ಹಾಗಾದರೆ ದೊಡ್ಡಬೀರಮ್ಮ ಎಲ್ಲಿ?' ದೊಡ್ಡಬೀರಮ್ಮ ಇರಲಿಲ್ಲ. ಚಿಕ್ಕಬೀರಮ್ಮ ಗೋಡೆ ಹಿಡಿದು ನಡೆಯಲು ಕಲಿಯುತ್ತಿದ್ದ ಹೊತ್ತಿನಲ್ಲಿ ಅಕ್ಕ ಜ್ವರ ಬಂದು ತೀರಿಕೊಂಡಿದ್ದಳು. ಅವಳ ಪಟವಿಲ್ಲ, ಅಂಗಿಯಿಲ್ಲ. ಅವಳ ಹೆಸರನ್ನು ಆ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಆದರೆ ಹೇಳದ ಹೆಸರು ಮನೆ ಬಿಟ್ಟು ಹೋಗಿರಲಿಲ್ಲ. ಜನಗಣತಿಗೆ ಬಂದ ಮೇಷ್ಟ್ರು ಮಕ್ಕಳೆಷ್ಟು ಎಂದಾಗ ಅವ್ವ "ಮೂರು" ಎಂದಿದ್ದಳು. ಮೇಷ್ಟ್ರು ಹೊಸಿಲಲ್ಲಿದ್ದ ಚಿಕ್ಕಬೀರಮ್ಮನನ್ನೂ ಅವಳ ತಮ್ಮ ಶಿವಶಂಕರನನ್ನೂ ನೋಡಿ, ಮೂರನೆಯದಕ್ಕಾಗಿ ಒಳಗೆ ಇಣುಕಿದ್ದರು. ಹಬ್ಬದ ದಿನ ಎಲೆ ಹಾಕುವಾಗ ಅವ್ವನ ಕೈ ಒಂದೆಲೆ ಹೆಚ್ಚಿಗೆ ತೆಗೆಯುತ್ತಿತ್ತು. ತೆಗೆದ ಮೇಲೆ ನೆನಪಾಗಿ, ಸದ್ದಿಲ್ಲದೆ ಎಲೆಗಳ ಕಟ್ಟಿನೊಳಕ್ಕೆ ಸೇರಿಸುತ್ತಿತ್ತು.

ಚಿಕ್ಕಬೀರಮ್ಮ ಆ ಒಂದೆಲೆಯ ಜಾಗ ತುಂಬಲು ಬಾಲ್ಯವೆಲ್ಲ ಹೆಣಗಿದಳು. ಶಾಲೆಯಲ್ಲಿ ಮೊದಲಾದಳು. ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದಳು. ಊರಿನವರು ಹೊಗಳಿದರೆ ಅವ್ವ, "ಅಯ್ಯೋ, ನಮ್ ಚಿಕ್ಕೋಳು ಬುಡಿ" ಎನ್ನುವಳು. ಎತ್ತರ ಬೆಳೆದರೂ ಚಿಕ್ಕೋಳು. ಮೈಸೂರಿನಲ್ಲಿ ಡಿಪ್ಲೊಮಾ ಓದುವಾಗ ಅವಳು 'ಚಿಕ್ಕ'ವನ್ನು ಒಂದೇ ಅಕ್ಷರಕ್ಕೆ ಮಡಚಿ 'ಚಿ. ಬೀರಮ್ಮ' ಎಂದು ಬರೆಯತೊಡಗಿದಳು. ಆಸ್ಪತ್ರೆಯಲ್ಲಿ ಬೀರಮ್ಮ ಮೇಡಂ ಆದಳು. ಮದುವೆಯ ಮಾತುಗಳು ಬಂದು ಹೋಗಿ, ಈಗ ಬರುವುದೂ ನಿಂತಿತ್ತು. ಅದರ ಬಗ್ಗೆ ಅವಳಿಗೆ ಹೆಚ್ಚು ವ್ಯಥೆಯಿರಲಿಲ್ಲ. ಆದರೆ ಮಿರ್ಲೆಯಲ್ಲಿ ಬಸ್ಸಿಳಿದ ಕೂಡಲೇ ಮತ್ತೆ ಚಿಕ್ಕೋಳು ಆಗಿಬಿಡುವಾಗ, ಇಲ್ಲದವಳೊಬ್ಬಳ ನೆರಳಿಗೆ ಕಾಲಿಟ್ಟಂತೆ ಮೈ ತಣ್ಣಗಾಗುತ್ತಿತ್ತು.

ಈಗ ಶಿವಶಂಕರನಿಗೆ ಹೆಣ್ಣುಮಗು ಹುಟ್ಟಿತ್ತು. ನಾಳೆ ನಾಮಕರಣ. ತೊಟ್ಟಿಲ ಮೇಲೆ ಬಾಗಿ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಕೂಗಬೇಕಾದವಳು ಸೋದರತ್ತೆ. ಅದಕ್ಕೂ ಮುಂಚೆ ಆ ಹೆಸರು ಹೊರಗಿನವರ ಕಿವಿಗೆ ಬೀಳಬಾರದು ಎಂಬುದು ಆ ಮನೆಯ ಕಟ್ಟಳೆ. ಅವ್ವ ಫೋನು ಮಾಡಿ, "ಅವಳ್ ಎಸ್ರೇ ಮಡಗನ ಕಣ್ಮಗ. ರಮ್ಯಾನೂ ಒಪ್ಪವ್ಳೆ. ಸ್ಕೂಲ್ಗೆ ಬೇಕಾರೆ ಬ್ಯಾರೆ ಇಟ್ಕಳ್ಳಲಿ" ಎಂದಿದ್ದಳು. ರಮ್ಯಾ ಎಂದರೆ ತಮ್ಮನ ಹೆಂಡತಿ.

"ನಾನ್ ಕೂಗಲ್ಲ ಅವ್ವ. ಬೇರೆ ಯಾರ್ ಕೈಲಾದ್ರೂ ಕೂಗ್ಸು," ಎಂದು ಚಿಕ್ಕಬೀರಮ್ಮ ಫೋನು ಇಟ್ಟುಬಿಟ್ಟಿದ್ದಳು.

ಅದಕ್ಕೇ ಅವ್ವ ಬಂದಿದ್ದು.

ಪುಟ್ಟ ಕೋಣೆಯಲ್ಲಿ ಪ್ಲಾಸ್ಟಿಕ್ ಸ್ಟೂಲಿನ ಮೇಲೆ ಕುಳಿತು ಕೆಂಪಾಜಮ್ಮ ಮೂಗರಳಿಸಿದಳು. "ಒಗ್ರಣೆ ಸೀದಂಗೆ ವಾಸ್ನೆ ಬತ್ತದಲ್ಲ ಮಗ?"

"ಒಗ್ರಣೆ ಅಲ್ಲ ಕಣವ್ವ. ಸಿಡ್ಲು ಒಡ್ದು ಕಾರ್ಡ್ ಸುಟ್ಟೋಯ್ತು."

"ಸಿಡ್ಲಾ! ಇಷ್ಟ್ ಒಳೀಕೆ ಬಂದಿತ್ತಾ? ಅರ್ಜುನ ಅರ್ಜುನ ಅನ್ಬಾರ್ದಾಗಿತ್ತಾ ಯಾರಾರ?"

ಬಾಗಿಲಲ್ಲಿ ನಿಂತಿದ್ದ ಸುಧಾ ನಕ್ಕಳು. "ಈ ಡಬ್ಬಕ್ಕೆ ಅದನ್ನ ಯಾರೂ ಹೇಳ್ಕೊಟ್ಟಿಲ್ಲ ಕಣಜ್ಜಿ. ಅದು ಬರೀ ಕೀಂ ಕೀಂ ಅಂತದೆ."

"ನೀನು ಏಳ್ಕೊಡು ಮತ್ತೆ. ಬಿಳಿ ಸೀರೆ ಉಟ್ಕಂಡು ನಿಂತಿದ್ದೀಯಲ್ಲ ಸುಮ್ಕೆ."

ಸುಧಾ ನಗುತ್ತ ವಾರ್ಡಿಗೆ ಹೋದಳು. ಕೋಣೆಯಲ್ಲಿ ತಾಯಿ ಮಗಳು ಇಬ್ಬರೇ ಉಳಿದರು. ಮಗಳು ತಾಯಿಯ ಮುಖ ನೋಡದೆ ಸರ್ವರಿನ ಬೆನ್ನು ನೋಡುತ್ತಿದ್ದಳು. ಹೊಸ ಕಾರ್ಡಿನ ಹಸಿರು ದೀಪ ಉರಿಯುತ್ತಿತ್ತು. ತಂತಿ ಬದಲಿಸಿ ನೋಡಿದಳು, ತಂತಿಯ ತಪ್ಪಲ್ಲ. ನಿನಗೆ ಯಾವ ಯಾವ ಕಾರ್ಡು ಕಾಣುತ್ತಿವೆ ಎಂದು ಸರ್ವರನ್ನೇ ಕೇಳಿದಳು. ಪರದೆಯ ಮೇಲೆ ಉತ್ತರ ಬಂತು. ಒಂದು. ಎರಡು.

ಸೊನ್ನೆ ಇಲ್ಲ. ಎರಡು ಎಲ್ಲಿಂದ ಬಂತು?

ಸರ್ವರನ್ನು ಮಲಗಿಸಿ ಎಬ್ಬಿಸಿದಳು. ಮತ್ತೆ ಅದೇ. ಸುನೀಲ್‌ಕುಮಾರನಿಗೆ ಫೋನು ಮಾಡಿದಳು.

"ಎರಡು ಅಂತ ಬಂದಿದ್ರೆ ಎರಡು ಅಂತ್ಲೇ ಇಟ್ಕೊಳ್ಳಿ ಮೇಡಂ," ಎಂದ ಅವನು. "ಎಲ್ಲೆಲ್ಲಿ ಸೊನ್ನೆ ಅಂತ ಬರ್ದಿದ್ದೀರೋ ಅಲ್ಲೆಲ್ಲ ಎರಡು ಅಂತ ತಿದ್ಬಿಡಿ. ಕೆಲ್ಸ ನಡೀತದೆ. ಹೆಸರಲ್ಲಿ ಏನೈತೆ?"

ಅವನ ಮಾತು ಸರಿಯೇ. ಹಾಗೆ ಮಾಡಿದರೂ ತಂತಿ ನಡೆಯುತ್ತಿತ್ತು. ಅವಳು ತಿದ್ದಲೆಂದು ಕುಳಿತಳು. ಆದರೆ ಬೆರಳು ಮುಂದೆ ಹೋಗಲಿಲ್ಲ.

"ಏನಂತೆ ಅದ್ಕೆ?" ಎಂದಳು ಅವ್ವ.

"ಇರೋದು ಎರಡೇ ಕಾರ್ಡು ಕಣವ್ವ. ಇದು ಸೊನ್ನೆ, ಒಂದು, ಎರಡು ಅಂತ ಮೂರು ಎಣುಸ್ತದೆ."

ಹೇಳಿದ ಮೇಲೆ ಆ ಮಾತು ಅವಳ ಕಿವಿಗೇ ಬಿತ್ತು. ಆಮೇಲೆ, ತಾನೇ ಹಿಂದೆ ಬರೆದು ಕೊಟ್ಟಿದ್ದ ಸಾಲುಗಳನ್ನು ತೆರೆದಳು. ಮೊದಲ ಸಾಲಿನಲ್ಲಿ ಸುಟ್ಟುಹೋದ ಕಾರ್ಡಿನ ಮಚ್ಚೆ, ಅದರ ಮುಂದೆ ಸೊನ್ನೆ ಎಂಬ ಹೆಸರು. ಎರಡನೆಯದರಲ್ಲಿ ಒಳಗಿನವಳು. ಅದರ ಕೆಳಗೆ ಅವಳು ಬರೆಯದ ಮೂರನೆಯ ಸಾಲೊಂದಿತ್ತು. ಹೊಸ ಕಾರ್ಡು ಕಂಡೊಡನೆ ಸರ್ವರ್ ಅದನ್ನು ತಾನೇ ಬರೆದುಕೊಂಡಿತ್ತು. ಸೊನ್ನೆ ಒಬ್ಬಳದು, ಒಂದು ಇನ್ನೊಬ್ಬಳದು, ಆದ್ದರಿಂದ ನೀನು ಎರಡು. ಸುಟ್ಟವಳು ಪೇಪರಿನಲ್ಲಿ ಸುತ್ತಿಕೊಂಡು ಮೇಜಿನ ಮೇಲೆ ಮಲಗಿದ್ದಾಳೆಂದು ಸರ್ವರಿಗೆ ಯಾರೂ ಹೇಳಿರಲಿಲ್ಲ. ಈ ಹೆಸರು ಇವಳಿಗೆ ಮಾತ್ರ ಎಂದು ಹಿಂದೊಮ್ಮೆ ಹೇಳಿಸಿಕೊಂಡಿತ್ತು. ಆ ಮಾತನ್ನು ಕಾಯುತ್ತಿತ್ತು.

"ಸಿಕ್ತಾ?" ಎಂದಳು ಅವ್ವ.

"ಸಿಕ್ತು. ಸತ್ತೋದೋಳ್ ಎಸ್ರ ಇದು ಬುಟ್ಕೊಡ್ತಿಲ್ಲ." ಅಲ್ಲಿಗೆ ನಿಲ್ಲಿಸಬೇಕೆಂದಿದ್ದಳು, ನಾಲಗೆ ನಿಲ್ಲಲಿಲ್ಲ. "ನಮ್ಮನೆ ತರಾನೇ. ಇರೋರು ಏನಾರ ಆಗ್ಲಿ, ಆ ಜಾಗ ಮಾತ್ರ ಅಂಗೇ ಇರ್ಬೇಕು."

ಕೆಂಪಾಜಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

"ನಂಗೆ ಅಂತ ಒಂದ್ ಎಸ್ರು ಯಾಕೆ ಮಡಗ್ನಿಲ್ಲ ಅವ್ವ ನೀನು?" ಪರದೆ ನೋಡುತ್ತಲೇ ಕೇಳಿದಳು ಚಿಕ್ಕಬೀರಮ್ಮ. "ಅವಳು ದೊಡ್ಡೋಳು, ಅದ್ಕೆ ನಾನು ಚಿಕ್ಕೋಳು. ತಲೆ ಬೆಳ್ಳಗಾಯ್ತಾ ಬಂತು, ಇನ್ನೂ ಚಿಕ್ಕೋಳು. ಈಗ ಆ ಕೂಸ್ಗೂ ಅದೇ ಎಸ್ರು ಕೂಗಿದ್ರೆ, ನಾಳೀಂದ ತೊಟ್ಲಲ್ಲಿರೋದೂ ನನ್ಗಿಂತ ದೊಡ್ಡೋಳಾಗ್ತದೆ. ಊರೋರು ನಗ್ತಾರೆ ಕಣವ್ವ."

"ನಗ್ಲಿ ಬುಡು, ನಗೋರ್ ಅಲ್ಲು ನಾಕ್ ಜನಕ್ ಕಾಣ್ಲಿ," ಎಂದಳು ಅವ್ವ. ಆಮೇಲೆ ಬಹಳ ಮೆತ್ತಗೆ, "ನಾನೆಲ್ ಮಡಗ್ದೆ ಮಗ ನಿಂಗೆ ಆ ಎಸ್ರ? ಅವಳು ಮಡಗಿದ್ದು."

"ಯಾರು?"

"ಅವಳೇ. ನಿಮ್ಮಕ್ಕ."

ಹೊರಗೆ ಔಷಧಿ ಕಿಟಕಿಯಲ್ಲಿ ಯಾರೋ ಮಲಯಾಳದಲ್ಲಿ ಮಾತ್ರೆಯ ಲೆಕ್ಕ ಕೇಳುತ್ತಿದ್ದರು. ಒಳಗೆ ಸರ್ವರಿನ ಫ್ಯಾನು ಗುಂಯ್ಗುಡುತ್ತಿತ್ತು.

"ನಿಮ್ಮಜ್ಜಿ ನಿಂಗೆ ಪುಟ್ಟಸಿದ್ದಮ್ಮ ಅನ್ನನ ಅಂದಿತ್ತು. ಇವಳು ತೊಟ್ಲು ಅಗ್ಗ ಇಡ್ಕಂಡು ನಿಂತ್ಬುಟ್ಲು. ನಾಕ್ ವರ್ಸದ್ದು, ಮೊಣಕಾಲುದ್ದ ಇಲ್ಲ. 'ಇದ್ಕೂ ನನ್ ಎಸ್ರೇ. ನಾನು ದೊಡ್ಡೋಳು, ಇದು ಚಿಕ್ಕೋಳು' ಅಂತ ಒಂದೇ ಅಟ. ಊಟ ಮುಟ್ನಿಲ್ಲ. ನಿಮ್ಮಪ್ಪ ನಕ್ಕು, ಅಂಗೇ ಆಗ್ಲಿ ಬುಡವ್ವ ತಾಯಿ ಅಂದ್ರು. ಎಲ್ರಿಗೂ ಎಸ್ರ ಯಾರಾರ ಇಟ್ಟು ಕೊಡ್ತಾರೆ. ಅವಳು ತನ್ದನ್ನೇ ಮುರ್ದು ಅರ್ಧ ಕೊಟ್ಲು ನಿಂಗೆ."

ಚಿಕ್ಕಬೀರಮ್ಮ ತಿರುಗಿ ಅವ್ವನ ಮುಖ ನೋಡಿದಳು. ಬಂದಾಗಿನಿಂದ ಮೊದಲ ಸಲ.

"ನೀ ಬರೋಗಂಟ ಅವಳು ದೊಡ್ಡೋಳು ಅಲ್ಲ ಕಣ್ಮಗ. ಮುಂದೆ 'ದೊಡ್ಡ' ಇಲ್ದ ಬರೀ ಎಸ್ರು ಅಷ್ಟೇಯ. ನೀ ಬಂದು ಅವಳ್ನ ದೊಡ್ಡೋಳ್ ಮಾಡ್ದೆ. ದೊಡ್ಡೋಳಾದೆ, ದೊಡ್ಡೋಳಾದೆ ಅಂತ ಬೀದಿಯೆಲ್ಲ ಸಾರ್ಕಂಡ್ ಬಂದ್ಲು. ಆಮೇಲೆ ಒಂದೊರ್ಸ ಇದ್ಲೋ ಇಲ್ವೋ."

"ಇದ್ನ ಇಷ್ಟ್ ದಿನ ಯಾಕ್ ಏಳ್ನಿಲ್ಲ ಅವ್ವ ನೀನು?"

"ಏಳ್ಬೇಕಾದ್ರೆ ಅವಳ್ ಎಸ್ರು ಬಾಯಿಗ್ ಬರ್ಬೇಕಲ್ಲವ್ವ." ಕೆಂಪಾಜಮ್ಮ ಸೆರಗಿನಿಂದ ಬಾಯಿಯನ್ನೇ ಒರೆಸಿಕೊಂಡಳು, ಕಣ್ಣನ್ನಲ್ಲ. "ನಂಗೆ ಬರಾಕಿಲ್ಲ ಮಗ. ಅದ್ಕೇ ನಿನ್ ಕರ್ಯಾಕ್ ಬಂದಿವ್ನಿ. ನಮ್ಮನೇಲಿ ಯಾರಾರ ಒಂದ್ ಕಿತ ಆ ಎಸ್ರ ಗಟ್ಟಿಯಾಗ್ ಕೂಗ್ಬೇಕು. ನಾನು ಕೇಳ್ಬೇಕು. ಇನ್ಯಾರ್ ಬಾಯಲ್ಲೋ ಕೇಳಾಕೆ ಇಷ್ಟ ಇಲ್ಲ ನಂಗೆ. ನೀನೇ ಕೂಗ್ಬೇಕು. ಕೂಗ್ತೀಯಾ?"

ಚಿಕ್ಕಬೀರಮ್ಮ ಪರದೆಯ ಕಡೆ ತಿರುಗಿದಳು.

ಮೊದಲ ಸಾಲನ್ನು ಅಳಿಸಬೇಕು. ಅಷ್ಟೇ ಕೆಲಸ. ಬೆರಳು ಅಳಿಸುವ ಗುಂಡಿಯ ಮೇಲಿತ್ತು. ಅವಳು ಅಳಿಸಲಿಲ್ಲ. ಸಾಲಿನ ಮೊದಲಿಗೆ ಹೋಗಿ, ಅಡ್ಡ ಎರಡು, ಉದ್ದ ಎರಡು ಗೆರೆಯ ಪುಟ್ಟ ಗುರುತೊಂದನ್ನು ಹಾಕಿದಳು, ಅಂಗಳದ ಮೂಲೆಯಲ್ಲಿ ಅವಸರಕ್ಕೆ ಎಳೆದ ರಂಗೋಲಿಯಂತಹದು. ಆ ಗುರುತಿರುವ ಸಾಲನ್ನು ಸರ್ವರ್ ಓದುವುದಿಲ್ಲ, ದಾಟಿ ಹೋಗುತ್ತದೆ. ಆದರೆ ಸಾಲು ಅಲ್ಲೇ ಇರುತ್ತದೆ. ಮುಂದೆ ಎಂದಾದರೂ ತೆರೆದು ನೋಡುವ ಮನುಷ್ಯರಿಗೆ, ಈ ಹೆಸರಿನವಳು ಇನ್ನೊಬ್ಬಳು ಇಲ್ಲಿದ್ದಳು ಎಂದು ಕಾಣುತ್ತದೆ. ಆಮೇಲೆ ಮೂರನೆಯ ಸಾಲಿಗೆ ಇಳಿದು, ಎರಡು ಎಂದಿದ್ದುದನ್ನು ಸೊನ್ನೆ ಎಂದು ತಿದ್ದಿದಳು.

ಸರ್ವರ್ ಮಲಗಿತು. ಎದ್ದಿತು. ಕಾರ್ಡುಗಳನ್ನು ಕೂಗಿತು. ಪರದೆಯ ಮೇಲೆ ಸೊನ್ನೆ, ಒಂದು ಎಂದು ಬಂತು.

ಬೇರೆಲ್ಲೂ ಏನನ್ನೂ ತಿದ್ದಬೇಕಾಗಲಿಲ್ಲ. ಸೊನ್ನೆ ಎಂದು ಎಲ್ಲೆಲ್ಲಿ ಬರೆದಿತ್ತೋ ಅಲ್ಲೆಲ್ಲ ಹೊಸಬಳು ಓಗೊಟ್ಟಳು. ಬೆಳಗಿನಿಂದ ಕಾದಿದ್ದ ಎಕ್ಸ್‌ರೇಗಳು ಒಂದರ ಹಿಂದೊಂದು ಮೈಸೂರಿನ ದಾರಿ ಹಿಡಿದವು.

"ಬಂದ್ಲಾ ಸೊನ್ನಕ್ಕ?" ವಾರ್ಡಿನಿಂದ ಸುಧಾಳ ದನಿ.

"ಬಂದ್ಲು."

"ಹಳೇಳೋ ಹೊಸಬ್ಳೋ?"

"ಹೊಸಬ್ಳು. ಎಸ್ರು ಅದೇ." ಊರಿನ ನುಡಿ ಆಸ್ಪತ್ರೆಯಲ್ಲಿ ಬಾಯಿತಪ್ಪಿ ಬಂದಿತ್ತು. ಅವಳು ಅದನ್ನು ತಿದ್ದಿಕೊಳ್ಳಲಿಲ್ಲ.

ಪೇಪರಿನ ಪೊಟ್ಟಣವನ್ನು ಅವಳು ಕಸದ ಬುಟ್ಟಿಯವರೆಗೆ ಒಯ್ದು, ಹಿಂದಕ್ಕೆ ತಂದು, ಡ್ರಾಯರಿನೊಳಗಿಟ್ಟಳು. ಆಣಿಯಲ್ಲಿ ನೇತುಹಾಕಿದ್ದ ಕೈಚೀಲ ತೆಗೆದು ಹೆಗಲಿಗೇರಿಸಿದಳು. ಅವ್ವನ ವೈರು ಚೀಲವನ್ನೂ ಎತ್ತಿಕೊಂಡಳು. ಅದರಲ್ಲಿ ಬಟ್ಟೆ ಸುತ್ತಿದ ರೊಟ್ಟಿಗಳು ಬಿಚ್ಚದೆ ಹಾಗೇ ಇದ್ದವು.

"ಏಳವ್ವ. ಹುಣಸೂರು ಬಸ್ಸು ತಪ್ಪೋದ್ರೆ ಆಮೇಲ್ ಕಷ್ಟ."

ಕೆಂಪಾಜಮ್ಮ ಎದ್ದಳು. ಚಪ್ಪಲಿ ಹುಡುಕುವ ನೆವದಲ್ಲಿ ಅವಳ ಮುಖ ಕಾಣಲಿಲ್ಲ.

ಜಗಲಿಯಲ್ಲಿ ಆಸ್ಪತ್ರೆಯ ಮ್ಯಾನೇಜರ್ ಧರ್ಮೇಂದ್ರ ಅಡ್ಡ ಬಂದರು. ಮಾತು ಶುರುವಾದರೆ ಮುಗಿಯದ ಮನುಷ್ಯ.

"ಮೇಡಂ, ಎಲ್ಲ ಸರಿಹೋಯ್ತಂತಲ್ಲ! ಮೈಸೂರ್ ಡಾಕ್ಟ್ರು ಫೋನ್ ಮಾಡಿದ್ರು. ನಾಳೆ ಕರೆಂಟ್ ಹೋಗಿ ಬಂದ್ರೆ ಮತ್ತೆ ಹೆಸರು ಗಲಾಟೆ ಇಲ್ಲ ತಾನೆ?"

"ಇಲ್ಲ ಸರ್. ಹೆಸರು ನಿಂತದೆ. ನಾಳೆ ನಾನು ರಜ."

"ಅರೆ, ಬೆಳಿಗ್ಗೆ ರಜ ಬೇಡ ಅಂದಿದ್ರಿ? ಏನ್ ವಿಶೇಷ?"

"ತಮ್ಮನ ಮಗಳ ನಾಮಕರಣ. ಸೋದರತ್ತೆ ಇಲ್ದೆ ಆಗಲ್ವಂತೆ."

"ಓಹೋ, ಹೆಸರು ಕೂಗೋರು ನೀವು! ಏನು ಹೆಸರು ಮೇಡಂ? ಹೇಳಿ ಹೇಳಿ. ಹೆಸರು ಅಂದ್ರೆ ನೋಡಿ, ನಮ್ಮಪ್ಪ ನಂಗೆ ಈ ಧರ್ಮೇಂದ್ರ ಅನ್ನೋ ಹೆಸರು ಇಡೋ ಹೊತ್ಗೆ ಮನೇಲಿ ಎಂಥಾ ಜಗಳ ಅಂತೀರಿ, ನಮ್ಮಜ್ಜಿ ಕೆಂಪಯ್ಯ ಅನ್ಬೇಕು ಅಂತ, ನಮ್ಮವ್ವ ಮಾತ್ರ..."

ಚಿಕ್ಕಬೀರಮ್ಮ ಒಂದು ಕೈಯಲ್ಲಿ ವೈರು ಚೀಲ, ಇನ್ನೊಂದರಲ್ಲಿ ಅವ್ವನ ಮೊಣಕೈ ಹಿಡಿದು ಆಗಲೇ ಮೆಟ್ಟಿಲಿಳಿದಿದ್ದಳು. ಮಳೆಗೆ ಮೆತ್ತಗಾದ ಕೆಂಪು ಮಣ್ಣಿನ ಮೇಲೆ ಇಬ್ಬರ ಚಪ್ಪಲಿಯ ಗುರುತುಗಳು ಗೇಟಿನ ಕಡೆಗೆ ಸಾಗಿದವು. ಹಿಂದಿನಿಂದ ಧರ್ಮೇಂದ್ರ ಇನ್ನೂ ಹೇಳುತ್ತಲೇ ಇದ್ದರು. ಅವಳು ತಿರುಗಿ ನೋಡಲಿಲ್ಲ. ಹೆಸರು ಮೊದಲು ಬೀಳಬೇಕಾದ ಕಿವಿ ಮಿರ್ಲೆಯ ತೊಟ್ಟಿಲಲ್ಲಿತ್ತು. ಸದ್ದು ಹೊರಡದಂತೆ ಅವಳ ತುಟಿಗಳು ಮಾತ್ರ ಅಲುಗುತ್ತಿದ್ದವು.